ಮೂರನೆಯ ಎಲೆ

ಕಡ್ಡಿರಾಂಪುರ
14-9-2025

ನನ್ನ ಸುಧಾರಾಣಿಗೆ,

ನಿನ್ನ ಅವ್ವ ನೆತ್ತಿ ಮೇಲೆ ಕೈಯಿಟ್ಟು ಹರಸಿ ಬರೆಯುವುದು. ಫೋನ್ ಇರುವಾಗ ಕಾಗದ ಯಾಕೆ ಎಂದು ಗಾಬರಿಯಾಗಬೇಡ. ನೀನು ‘ಅವ್ವಾ’ ಅಂದ ಕೂಡಲೇ ನನ್ನ ಬಾಯಿ ಕಟ್ಟಿಬಿಡುತ್ತದೆ.

ನಿನ್ನೆ ಪ್ರವೀಣ ಬಂದಿದ್ದ. ನಾಲ್ಕು ವರ್ಷದಿಂದ ನಿನಗಾಗಿ ಕಾದಿರುವ ಹುಡುಗ, ‘ಅಪ್ಪ ಬರೋತನಕ ಮದುವಿ ಬ್ಯಾಡ ಅಂತಾಳ್ರಿ ಅತ್ತಿ, ನಮ್ಮ ಮನ್ಯಾಗ ಇನ್ನ ತಡಿಯಂಗಿಲ್ಲ’ ಎಂದು ಅತ್ತೇಬಿಟ್ಟ. ಅಪ್ಪನನ್ನು ಹುಡುಕಿಸಿಕೊಡಿ ಎಂದು ಸರ್ಕಾರದವರನ್ನು ಕೇಳಲು ಅವನ ಫೋಟೊ ಹಿಡಿದು ನೀನು ದಿಲ್ಲಿಗೆ ಹೊರಟಿರುವುದನ್ನೂ ಹೇಳಿದ. ಬೇಡ ತಾಯಿ, ಹೋಗಬೇಡ.

ಸಂಡೂರಿನ ಗಣಿಗಳು ನಿಂತ ವರ್ಷವೇ ಲಿಬಿಯಾದ ಮೇಲೆ ಹೊರದೇಶದ ವಿಮಾನಗಳು ಬಾಂಬು ಹಾಕಿದ್ದು, ಅಲ್ಲಿ ಆಳುತ್ತಿದ್ದವನು ಸತ್ತದ್ದು. ಟಿವಿಯಲ್ಲಿ ನೋಡಿ, ನಮಗೇನು ಅಂದುಕೊಂಡೆವು. ಗಣಿಯಲ್ಲಿ ಮಣ್ಣು ಅಗೆಯುವ ಹಿಟಾಚಿ ನಡೆಸುತ್ತಿದ್ದ ನಿಮ್ಮಪ್ಪ ಎರಡು ವರ್ಷ ಕೈಕಟ್ಟಿ ಕುಂತ. ಆಮೇಲೆ ಏಜೆಂಟ್ ಬಂದು, ‘ಅಲ್ಲಿ ಕೆಡವಿದ್ದನ್ನೆಲ್ಲ ಕಟ್ಟಾಕತ್ಯಾರ, ಆಪರೇಟರ್ ಬೇಕು’ ಎಂದ. ವಿಮಾನದವರು ತಮ್ಮ ಮನೆಗೆ ಹೋದರೂ ಬಂದೂಕುಗಳು ಅಲ್ಲೇ ಉಳಿದಿವೆ, ಓಣಿಗೊಬ್ಬ ದೊರೆ ಹುಟ್ಟಿದ್ದಾನೆ ಎಂದು ಆ ಹಾಳಾದವನು ಹೇಳಲಿಲ್ಲ. ಅವನ ಮಾತು ನಂಬಿ ನಿಮ್ಮಪ್ಪ ಲಿಬಿಯಾಕ್ಕೆ ಹೋದ.

ಮರುವರ್ಷದಿಂದ ಅಪ್ಪನ ಸುದ್ದಿಯೇ ಇಲ್ಲ ಎಂದು ನಿನಗೆ ಹೇಳುತ್ತ ಬಂದೆ. ಅದು ಸುಳ್ಳು. ಆ ಶ್ರಾವಣದಲ್ಲಿ, ಅಪ್ಪನ ಜೊತೆ ಕೆಲಸಕ್ಕಿದ್ದ ಮರಿಯಮ್ಮನಹಳ್ಳಿಯ ಎರ್ರಿಯಪ್ಪ ಜೀವ ಉಳಿಸಿಕೊಂಡು ಬಂದಿದ್ದ. ಎರಡು ಗುಂಪಿನವರು ಗುಂಡು ಹಾರಿಸುವಾಗ ನಿಮ್ಮಪ್ಪ ಹಿಟಾಚಿಯ ಸೀಟಿನಲ್ಲೇ ಹೋದನಂತೆ. ‘ನಾನೇ ಮಣ್ಣು ಮಾಡಿ ಬಂದೆ ಅಕ್ಕಾ’ ಎಂದ. ಯಾರಿಗೂ ಹೇಳಬೇಡವೆಂದು ಅವನಿಂದ ಆಣೆ ಮಾಡಿಸಿಕೊಂಡೆ.

ನೀನು ಆಗ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಗಿಯಲಿ ಅಂದೆ. ಆಮೇಲೆ ಪಿಯುಸಿ, ಡಿಗ್ರಿ. ನಿಜ ಹೇಳಲಾ, ಕುಂಕುಮ ಅಳಿಸಿಕೊಳ್ಳಲು ನನಗೇ ಧೈರ್ಯವಿರಲಿಲ್ಲ. ಬಸ್ಸು ನಿಂತಾಗಲೆಲ್ಲ ನೀನು ಬಾಗಿಲಿಗೆ ಓಡುವುದನ್ನು ನೋಡಿಯೂ ಸುಮ್ಮನಿದ್ದ ಪಾಪಿ ನಾನು. ಬೈಯಿ, ಆದರೆ ಮನೆಗೆ ಬಂದು ಬೈಯಿ. ಪ್ರವೀಣನನ್ನು ಕಳೆದುಕೊಳ್ಳಬೇಡ.

ಇಂತಿ ನಿನ್ನ ತಪ್ಪಿತಸ್ಥ ಅವ್ವ,
ಹಂಪಕ್ಕ

ತಾ.ಕ.: ಬರುವ ಭಾನುವಾರ ಹಿರಿಯರ ಅಮಾವಾಸ್ಯೆ. ಎಡೆ ಇಡುವಾಗ ಅಜ್ಜ ಅಜ್ಜಿಯ ಎಲೆಗಳ ಪಕ್ಕ ಮೂರನೆಯದೊಂದು ಯಾರಿಗೆ ಎಂದು ನೀನು ಪ್ರತಿ ವರ್ಷ ಕೇಳುತ್ತಿದ್ದೆ. ಹೆಸರು ಗೊತ್ತಿಲ್ಲದ ಹಿರಿಯರಿಗೆ ಎನ್ನುತ್ತಿದ್ದೆ ನಾನು. ಹೆಸರೇ ಗೊತ್ತಿಲ್ಲದವರಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಇಷ್ಟ ಅಂತ ಹೆಂಗ ಗೊತ್ತಾತು ಎಂದು ನೀನು ನಗುತ್ತಿದ್ದೆ. ಹನ್ನೊಂದು ವರ್ಷ ಆ ಎಲೆಯ ಮುಂದೆ ಯಾರೂ ಬಾಯಿಬಿಟ್ಟು ಕರೆದಿಲ್ಲ. ಈ ಸಲ ನೀನೇ ಬಡಿಸಿ, ‘ಅಪ್ಪಾ, ಊಟಕ್ಕ ಬಾ’ ಅಂತ ಕರಿ.