ಅರ್ಧ ಚಂದಮಾಮ

ಪುಣೆ ಕ್ಯಾಂಪ್
18 ನವೆಂಬರ್ 2024

ಮುದ್ದು ಶರಣ್ಯಾ,

ಅಮ್ಮನ ಆಶೀರ್ವಾದ. ಬರೆಯಬೇಕು, ಬರೆಯಬೇಕು ಎಂದುಕೊಳ್ಳುತ್ತಲೇ ಹನ್ನೆರಡು ದಿನ ಕಳೆದೆ, ಸಿಟ್ಟಾಗಬೇಡ. ಫೋನ್ ಮಾಡಿದರೆ ನೀನು "ಡ್ಯೂಟಿಯಲ್ಲಿದ್ದೇನೆ ಅಮ್ಮ" ಎಂದು ಇಟ್ಟುಬಿಡುತ್ತೀ. ನಾಗಪುರದ ಆಸ್ಪತ್ರೆಯ ತುರ್ತು ವಿಭಾಗದ ಡಾಕ್ಟರಿಗೆ ಪುರುಸೊತ್ತಿಲ್ಲ, ಒಪ್ಪಿದೆ. ಕಾಗದವನ್ನಾದರೆ ಅರ್ಧದಲ್ಲಿ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಇದು.

ಭುಜಂಗಣ್ಣ ಬದುಕಿದ್ದಾನೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಮಾತು ಸ್ವಲ್ಪ ತೊದಲುತ್ತದೆ, ಎಡಗಾಲು ಎಳೆಯುತ್ತಾನೆ, ಎಡಗೈಗೆ ಇನ್ನೂ ಶಕ್ತಿ ಬಂದಿಲ್ಲ. ಮೂವತ್ತೊಂದು ವರ್ಷ ನಮ್ಮ ಹೋಟೆಲಿನಲ್ಲಿ ದೋಸೆ ಹೊಯ್ದ ಮನುಷ್ಯ ಈಗ ಗೋಡೆಗೆ ಒರಗಿ ಕೂತು, "ಹಿಟ್ಟು ಹುಳಿ ಬಂತಾ?" ಎಂದು ಅಲ್ಲಿಂದಲೇ ಅಧಿಕಾರ ನಡೆಸುತ್ತಾನೆ.

ನೆನಪಿದೆಯಾ? ಎರಡನೇ ಕ್ಲಾಸಿನಲ್ಲಿ ನೀನು ಇಡೀ ದೋಸೆ ತಿನ್ನಲಾರದೆ ಬಿಡುತ್ತಿದ್ದೆ, ನಾನು ಬೈಯುತ್ತಿದ್ದೆ. ಭುಜಂಗಣ್ಣ ಯಾವಾಗಲೂ ನಿನ್ನ ಪಕ್ಷ. ನೀನು ಶಾಲೆಯಿಂದ ಬಂದ ಕೂಡಲೇ ಅರ್ಧವನ್ನೇ ಹೊಯ್ದು, "ಚಂದಮಾಮ ಬಂದ, ಅರ್ಧ ಮಾತ್ರ ಬಂದ" ಎಂದು ತಟ್ಟೆ ಇಡುತ್ತಿದ್ದ. ಉಳಿದರ್ಧ ಎಲ್ಲಿ ಎಂದು ನೀನು ಕೇಳಿದರೆ, "ಅದನ್ನು ನಿನ್ನ ಅಮ್ಮ ತಿಂದಾಯ್ತು ಮಾರಾಯ್ತಿ" ಎನ್ನುತ್ತಿದ್ದ. ನಿನ್ನ ಅಪ್ಪ ಗಲ್ಲಾದಲ್ಲಿ ಕೂತು ಹೊಟ್ಟೆ ಹಿಡಿದು ನಗುತ್ತಿದ್ದರು. ಆ ನಗು ಕೇಳದೆ ಆರು ವರ್ಷವಾಯಿತು. ನಿನ್ನ ಶಾಲೆ ಬಿಡುತ್ತಿದ್ದ ಹೊತ್ತಿಗೆ ಈಗಲೂ ನನ್ನ ಕಣ್ಣು ಬಾಗಿಲಿಗೆ ಹೋಗುತ್ತದೆ.

ಹನ್ನೆರಡು ದಿನದ ಹಿಂದೆ, ಆ ಬೆಳಿಗ್ಗೆ ಆರೂಮುಕ್ಕಾಲಿಗೆ ಅವನು ಎರಡೂ ಕೈಯಿಂದ ದೇವರ ಪಟಕ್ಕೆ ಹೂ ಹಾಕಿ, "ಅಕ್ಕ, ಈ ಸಲದ ಮೆಂತ್ಯ ಚಂದ ಇಲ್ಲ" ಎಂದು ಗೊಣಗಿ ಒಳಗೆ ಹೋದ. ಏಳು ಹತ್ತಕ್ಕೆ ದಿನದ ಮೊದಲ ದೋಸೆ ಎಂದಿನಂತೆ ನನಗೆ ಬಂತು. ಅರ್ಧ! ನಿನ್ನನ್ನು ನೆನೆಸಿಕೊಂಡು ಹೊಯ್ದಿದ್ದಾನೆ ಎಂದು ನನ್ನ ಕಣ್ಣು ತುಂಬಿತು. ಚಟ್ನಿ ಸವರಿಕೊಂಡು, ಒಬ್ಬಳೇ ನಗುತ್ತಾ ತಿಂದೆ. ಎಂಟು ಗಂಟೆಗೆ ಗಿರಾಕಿಯೊಬ್ಬರು ತಮ್ಮ ತಟ್ಟೆಯ ಅರ್ಧ ದೋಸೆ ತೋರಿಸಿ, "ಏನು ಕಾಕೂ, ಉಳಿದರ್ಧವನ್ನು ಇಲಿ ತಿಂದಿತೇ?" ಎಂದು ಮರಾಠಿಯಲ್ಲಿ ಕೇಳಿದಾಗ, ಇವನ ಸಲಿಗೆ ಅತಿಯಾಯಿತು ಎಂದು ಬೈಯಲು ಒಳಗೆ ಹೋದೆ.

ಕಾವಲಿಯ ಬಲಗಡೆ ಮಾತ್ರ ಹಿಟ್ಟು. ಎಡಗಡೆ ಖಾಲಿ, ಹೊಗೆಯಾಡುತ್ತಿತ್ತು. ಅವನಿಗೆ ಅದರ ಪರಿವೆಯೇ ಇಲ್ಲ! ತಲೆ ಸುತ್ತಿರಬೇಕೆಂದು ನಾನು ಲಿಂಬೆ ಶರಬತ್ತು ಹಿಡಿದರೆ, ಪಾತ್ರೆ ತೊಳೆಯುವ ಯಾದಗಿರಿಯ ದುರ್ಗಾ ನನ್ನ ಕೈ ತಡೆದಳು.

"ಕುಡಸಬ್ಯಾಡ್ರಿ ಅಕ್ಕಾರ, ನೆತ್ತಿಗೇರ್ತದ! ಬಾಯಿ ಸೊಟ್ಟ ಆಗ್ಯದ ನೋಡ್ರಿ. ಅಣ್ಣಾರ, ಎರಡೂ ಕೈ ಎತ್ರಿ."

ಬಲಗೈ ಎದ್ದಿತು. ಎಡಗೈ ಜೋತುಬಿತ್ತು.

"ಲಕ್ವಾ ಹೊಡದದ್ರಿ. ನಮ್ಮಪ್ಪಗೂ ಹಿಂಗ ಆಗಿತ್ತು. ಲಗೂನ ದವಾಖಾನಿಗಿ ನಡೀರಿ!"

ಪಾರ್ಶ್ವವಾಯುವೇ ಎಂದ ಆಸ್ಪತ್ರೆಯ ಡಾಕ್ಟರ್ ಕೇಳಿದ್ದು ಒಂದೇ: ಇವರು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ? ಆರೂಮುಕ್ಕಾಲು ಎಂದೆ. ತಲೆಯೊಳಗೆ ನಾಳ ಕಟ್ಟಿದೆಯೋ, ಒಡೆದು ರಕ್ತ ಸೋರಿದೆಯೋ ಹೊರಗಿನಿಂದ ತಿಳಿಯುವುದಿಲ್ಲವಂತೆ. ಒಂದಕ್ಕೆ ಕೊಡುವ ಔಷಧವೇ ಇನ್ನೊಂದರಲ್ಲಿ ಪ್ರಾಣ ತೆಗೆಯುತ್ತದಂತೆ. ನಿನಗೇ ಪಾಠ ಹೇಳುತ್ತಿದ್ದೇನಲ್ಲ, ನನ್ನ ಧೈರ್ಯ ನೋಡು! ಸ್ಕ್ಯಾನಿನಲ್ಲಿ ರಕ್ತ ಕಾಣಲಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಇನ್ನೂ ಬೇಗ ತಂದಿದ್ದರೆ ಕೈ ಉಳಿಯುತ್ತಿತ್ತೇನೋ ಎಂದರು. ಅರ್ಧ ದೋಸೆ ಕಂಡ ಮೇಲಿನ ಆ ಒಂದು ಗಂಟೆ ಹಾಳಾದದ್ದು ನನ್ನಿಂದ.

ಈಗ ಊಟಕ್ಕೆ ಕೂತರೆ ತಟ್ಟೆಯ ಬಲಗಡೆಯದನ್ನು ಮಾತ್ರ ತಿಂದು ಸಾಕು ಎನ್ನುತ್ತಾನೆ. ದುರ್ಗಾ ಮೆಲ್ಲಗೆ ತಟ್ಟೆ ತಿರುಗಿಸುತ್ತಾಳೆ. "ಮತ್ತೆ ಯಾಕೆ ಬಡಿಸಿದ್ರಿ?" ಎಂದು ರೇಗುತ್ತಾ ಉಳಿದದ್ದನ್ನೂ ತಿನ್ನುತ್ತಾನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಬಂದವರೆಲ್ಲ ನಡೆದುಕೊಂಡು ಮನೆಗೆ ಹೋಗುವಂತಾಗಲಿ.

ನಿನ್ನ ಅಮ್ಮ,
ಪಂಕಜಾಕ್ಷಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ಆ ದೋಸೆಯ ಫೋಟೊ ತೆಗೆದು, "ನಿನ್ನ ಚಂದಮಾಮ" ಎಂದು ನಿನಗೆ ಕಳಿಸಿದ್ದೆನಲ್ಲ. ಏಳು ಹನ್ನೆರಡಕ್ಕೆ ನಿನ್ನಿಂದ ಕೆಂಪು ಹೃದಯ ಬಂತು. ನೀನು ಫೋನ್ ಇಟ್ಟುಬಿಡುವುದು ಯಾಕೆಂದು ನನಗೆ ಗೊತ್ತು ಮಗಾ. ಡಾಕ್ಟರಾಗಿಯೂ ತಿಳಿಯಲಿಲ್ಲವಲ್ಲ ಎಂದು ಕೊರಗುತ್ತಿದ್ದೀ. ನೀನು ನೋಡಿದ್ದು ಬರೀ ದೋಸೆಯನ್ನು. ಮನುಷ್ಯ ಇದ್ದದ್ದು ನನ್ನಿಂದ ಹತ್ತು ಹೆಜ್ಜೆಯಲ್ಲಿ. ನಿನ್ನೆ ಅವನಿಗೆ ಆ ಫೋಟೊ ತೋರಿಸಿ, "ಶರಣ್ಯಾಳ ನೆನಪಾಗಿ ಹೊಯ್ದದ್ದಾ?" ಎಂದು ಕೇಳಿದೆ. ಫೋನನ್ನು ಬಲಗೈಯಲ್ಲಿ ಹಿಡಿದು ನೋಡಿದ. "ಎಂತ ಅಕ್ಕ, ಇದು ಪೂರ್ತಿ ದೋಸೆಯೇ ಅಲ್ವಾ?" ಎಂದ. ಒಮ್ಮೆ ಬಂದು ಹೋಗು. ಬಂದಾಗ ಅವನ ಬಲಗಡೆ ಕೂರು. ಎಡಗಡೆ ಕೂತರೆ ನೀನು ಬಂದದ್ದೇ ಅವನಿಗೆ ತಿಳಿಯುವುದಿಲ್ಲ.