ಮದಾಮ್ ಜೆರ್ಮೇನ್‌ಗೆ ಕೊಟ್ಟ ಮಾತು

ಹ್ಯೂಸ್ಟನ್
16 ಅಕ್ಟೋಬರ್ 2018

ಚಿ. ಸೌ. ಶ್ರೀವಿದ್ಯಾಳಿಗೆ,

ಆಶೀರ್ವಾದ ಆಮೇಲೆ. ಮೊದಲು ಕೋಪ ತೀರಲಿ.

ನಾನು ಲೂಯಿಸ್‌ವಿಲ್‌ನ ನಿಮ್ಮ ಮನೆ ಬಿಟ್ಟು, ಬಸ್ ಹತ್ತಿ ಇಲ್ಲಿ ನಿನ್ನ ಸರೋಜಾ ಚಿಕ್ಕಮ್ಮನ ಮನೆಗೆ ಬಂದದ್ದು ಹವಾ ಬದಲಾವಣೆಗೆ ಅಂತ ನಿನ್ನ ಗಂಡ ಪ್ರಶಾಂತ್ ಎಲ್ಲರಿಗೂ ಹೇಳುತ್ತಿದ್ದಾನಂತೆ. ಹೇಳಲಿ. ಟೆಕ್ಸಸ್‌ನಲ್ಲಿ ಬಸ್ ಹತ್ತೋರು ಯಾರಿದಾರೆ ಅಕ್ಕ ಅಂತ ಸರೋಜಾ ಹಣೆ ಚಚ್ಚಿಕೊಂಡಳು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಬಸ್ ಸಿಗದಿದ್ದರೆ ನಡೆದೇ ಬಿಡುತ್ತಿದ್ದೆ. ಫೋನಿನಲ್ಲಿ ಹೇಳಲು ಹೋದರೆ ನೀನು ಅಳುತ್ತೀಯ, ನಾನು ಕರಗುತ್ತೇನೆ. ಅದಕ್ಕೇ ಈ ಕಾಗದ.

ಭಾನುವಾರ ನಾನು ಚಿತ್ರಾನ್ನ ಬಡಿಸುತ್ತಿದ್ದಾಗ ಪ್ರಶಾಂತ್ ಟೊರೊಂಟೋದ ಸ್ನೇಹಿತನ ಜೊತೆ ಫೋನಿನಲ್ಲಿದ್ದ. ಅಲ್ಲೇ ಒಂದು ಬಾಡಿಗೆ ಮನೆ ನೋಡಿಡು ಅಂದ. ಆ ಫ್ರೆಂಚ್ ಊರಿಗೆ ಯಾರು ಹೋಗ್ತಾರೆ ಗುರು, ಕೆನಡಾ ಪೇಪರ್ಸ್ ಕೈಗೆ ಬರೋವರೆಗೂ ಹೂಂ ಅಂತಿರೋದು ಅಷ್ಟೆ ಅಂದ. ಆ ಮಾತು ಹೇಳಿ ನಕ್ಕ ಕೂಡ. ನಾನು ಸೌಟು ಹಿಡಿದು ನಿಂತಿದ್ದೆ. ನೀನು ಮೊಸರನ್ನ ಕಲಸುತ್ತ ತಲೆ ಎತ್ತಲಿಲ್ಲ. ಅಂದರೆ ನಿನಗೆ ಮೊದಲೇ ಗೊತ್ತಿತ್ತು.

ಮೈಸೂರಿನ ಕಾಲೇಜಿನಲ್ಲಿ ಫ್ರೆಂಚ್ ಕಲಿಸಿ ನಿವೃತ್ತಳಾದವಳು ನಾನು. ಮಾರ್ಕ್ಸ್ ಬರುತ್ತೆ ಅಂತಲೇ ಫ್ರೆಂಚ್ ತೆಗೆದುಕೊಂಡು, ಪರೀಕ್ಷೆ ಮುಗಿದ ದಿನವೇ ಪುಸ್ತಕ ರದ್ದಿಗೆ ಹಾಕುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೂ ನೀನು ಕರೆದಾಗ ಬಂದೆ. ಗ್ರೀನ್ ಕಾರ್ಡಿನ ಸರದಿ ಈ ಜನ್ಮದಲ್ಲಿ ಬರುವುದಿಲ್ಲ, ವೀಸಾ ಹೋದರೆ ಗಂಟುಮೂಟೆ ಕಟ್ಟಬೇಕು ಅಂತ ನೀನು ಹೆದರಿದ್ದು ಸುಳ್ಳಲ್ಲ, ಬಲ್ಲೆ. ಕೆನಡಾದಲ್ಲಿ ಇಂಗ್ಲಿಷಿನ ನಡುವೆ ಅಲ್ಲೊಂದು ಇಲ್ಲೊಂದು ಉಳಿದಿರುವ ಫ್ರೆಂಚ್ ಊರುಗಳಿವೆ, ಭಾಷೆ ಗೊತ್ತಿದ್ದು ಅಲ್ಲಿ ನೆಲೆಸುತ್ತೇವೆ ಅನ್ನುವವರಿಗೆ ಸರ್ಕಾರ ಬೇಗ ದಾರಿ ಮಾಡಿಕೊಡುತ್ತದೆ ಅಂದಿರಿ. ಕಲಿಸಿದೆ. ನಿನಗೂ ಕಲಿಸಿದೆ, ಪಕ್ಕದಲ್ಲಿ ಬಂದು ಕೂತ ನಿನ್ನ ಮಗಳು ಸಿಯಾಗೂ ಕಲಿಸಿದೆ.

ಆಮೇಲೆ ಅಂಥದೇ ಒಂದು ಊರು ಸೇಂಟ್ ಓರೆಲಿಯ ಮದಾಮ್ ಜೆರ್ಮೇನ್ ಸಿಕ್ಕಳು. ಹೊಸಬರನ್ನು ಬರಮಾಡಿಕೊಳ್ಳಲು ಸರ್ಕಾರ ಆ ಊರಿಗೆ ಕೊಡುವ ಹಣವನ್ನು ನೋಡಿಕೊಳ್ಳುವ ಮುದುಕಿ. ಶನಿವಾರದ ವೀಡಿಯೊ ಕಾಲ್‌ನಲ್ಲಿ ನಮಸ್ಕಾರ, ಹೇಗಿದ್ದೀರಿ ಆದಮೇಲೆ ನಿನ್ನ ಫ್ರೆಂಚ್ ಬತ್ತಿಹೋಗುತ್ತಿತ್ತು, ಮುಂದಿನದೆಲ್ಲ ನಾನೇ ಮಾತಾಡುತ್ತಿದ್ದೆ. ಅವಳ ಊರಿನ ಮಕ್ಕಳೂ ಇಂಗ್ಲಿಷಿಗೆ ಜಾರುತ್ತಿದ್ದಾರಂತೆ. ಒಂದನೇ ಕ್ಲಾಸಿಗೆ ಮಕ್ಕಳು ಸಾಲದಿದ್ದರೆ ಫ್ರೆಂಚ್ ಶಾಲೆ ಮುಚ್ಚುತ್ತದಂತೆ. ಸಿಯಾಳ ಹೆಸರನ್ನು ಆಗಲೇ ಸೇರಿಸಿದ್ದಾಳೆ. ತೀರಿಹೋದ ತಂಗಿಯ ಮನೆಯನ್ನು ಬೇರೆ ಯಾರಿಗೂ ಕೊಡದೆ ನಿಮಗೆಂದು ಖಾಲಿ ಇಟ್ಟಿದ್ದಾಳೆ. ಅರ್ಧ ಹೆಣೆದ ಕೆಂಪು ಸ್ವೆಟರನ್ನು ಕ್ಯಾಮೆರಾ ಮುಂದೆ ಹಿಡಿದು ಸಿಯಾಳ ತೋಳಿನ ಅಳತೆ ಕೇಳಿದಳಲ್ಲ, ನೆನಪಿದೆಯೆ?

ಹಿಂದೆ ಬಂದ ಕುಟುಂಬ ನಾಲ್ಕು ದಿನವೂ ನಿಲ್ಲದೆ ದೊಡ್ಡ ಊರಿಗೆ ಹೋಯಿತು, ನೀವು ನಿಜವಾಗಿ ನಿಲ್ಲುತ್ತೀರಾ ಅಂತ ಅವಳು ಕೇಳಿದಾಗ ನೀನು ನನ್ನ ಮುಖ ನೋಡಿದೆ. ನನ್ನ ಮಗಳು ಮಾತು ತಪ್ಪುವವಳಲ್ಲ ಅಂದವಳು ನಾನು. ನನ್ನ ಬಾಯಿಂದ ಸುಳ್ಳು ಹೇಳಿಸಿದಿರಿ. ನಾಚಿಕೆಯಾಗಬೇಕು ನಿಮಗೆ!

ಸರ್ಕಾರವೇ ಕೊಡುತ್ತಿದೆ, ತಗೊಂಡರೆ ತಪ್ಪೇನು, ಎಲ್ಲರೂ ಮಾಡೋದೇ ಅಂತ ನಿನ್ನ ಗಂಡನ ವಾದ. ಸರ್ಕಾರ ಕೊಡುತ್ತಿರುವುದು ಆ ಊರು ಉಳಿಯಲಿ ಅಂತ, ಇವನಿಗೆ ಟೊರೊಂಟೋ ಸಿಗಲಿ ಅಂತಲ್ಲ. ಟೊರೊಂಟೋ ಬೇಕಿದ್ದರೆ ಅದನ್ನೇ ಹೇಳಿ ಅರ್ಜಿ ಹಾಕಲಿ, ಸಿಗದಿದ್ದರೆ ಕಾಯಲಿ. ನಮ್ಮ ಯೋಗ್ಯತೆಯೂ ನನಗೆ ಗೊತ್ತು. ನಿಮ್ಮ ಪಕ್ಕದ ಊರು ಕ್ಯಾರಲ್ಟನ್‌ನಲ್ಲಿ ಕನ್ನಡ ಕ್ಲಾಸಿಗೆ ಬಿಟ್ಟಿ ಕೋಣೆ ಸಿಕ್ಕಿತ್ತು. ಮಕ್ಕಳನ್ನು ಅಲ್ಲಿ ಇಳಿಸಿ ನೀವೆಲ್ಲ ತರಕಾರಿ ತರಲು ಹೋಗುತ್ತಿದ್ದಿರಿ. ರಾಜ್ಯೋತ್ಸವದ ಡ್ಯಾನ್ಸ್ ಮುಗಿದದ್ದೇ ತಡ, ಒಬ್ಬರೂ ಬರಲಿಲ್ಲ. ಯಾವ ಸರ್ಕಾರ ಎಷ್ಟು ಕೊಟ್ಟಿದ್ದರೂ ನಾವು ಹೋಳಿಗೆ ಊಟ ಹಾಕಿಸಿ ಕೈತೊಳೆದುಕೊಳ್ಳುತ್ತಿದ್ದೆವು. ನಮ್ಮದನ್ನಂತೂ ಉಳಿಸಿಕೊಳ್ಳಲಿಲ್ಲ, ಅವರದನ್ನಾದರೂ ಕೆಡಿಸಬೇಡಿ.

ಈ ಶನಿವಾರ ಮದಾಮ್ ಕಾಲ್ ಮಾಡುತ್ತಾಳೆ. ಬರುತ್ತೇವೆ ಅನ್ನು, ಇಲ್ಲವೆ ಬರುವುದಿಲ್ಲ ಅನ್ನು. ಎರಡಕ್ಕೂ ಬೇಕಾದಷ್ಟು ಫ್ರೆಂಚ್ ನಿನಗೆ ಬರುತ್ತದೆ. ನೀನು ಹೇಳದಿದ್ದರೆ ಭಾನುವಾರ ನಾನೇ ಅವಳಿಗೆ ಫೋನ್ ಮಾಡಿ ನಿಜ ಹೇಳುತ್ತೇನೆ. ಆಮೇಲೆ ಅಮ್ಮ ನಮ್ಮ ಬಾಳು ಹಾಳು ಮಾಡಿದಳು ಅಂತ ಜನ್ಮವಿಡೀ ಬೈದುಕೊಳ್ಳಿ.

ಇಂತಿ,
ಆಶೀರ್ವಾದವನ್ನು ಶನಿವಾರದವರೆಗೆ ತಡೆಹಿಡಿದಿರುವ
ನಿನ್ನ ಅಮ್ಮ,
ಅನುಸೂಯಾ

ತಾ.ಕ.: ನನ್ನ ಕೋಪವೆಲ್ಲ ಮದಾಮ್‌ಗಾಗಿ ಅಂದುಕೊಳ್ಳಬೇಡ. ನಾನು ಕನ್ನಡದಲ್ಲಿ ಏನು ಕೇಳಿದರೂ ಸಿಯಾ ಇಂಗ್ಲಿಷಿನಲ್ಲಿ ಒಂದು ಮಾತು ಎಸೆದು ಓಡುತ್ತಿದ್ದಳು. ಫ್ರೆಂಚ್ ಕಲಿತ ಮೇಲೆ ರಾತ್ರಿ ನನ್ನ ಪಕ್ಕ ಮಲಗಿ ಅದರಲ್ಲೇ ಹರಟುತ್ತಿದ್ದಳು. ಶಾಲೆಯಲ್ಲಿ ಅತ್ತದ್ದನ್ನು, ಯಾರ ಮೇಲೆ ಟೂ ಬಿಟ್ಟಿದ್ದಾಳೆ ಎನ್ನುವುದನ್ನು ನಿನಗೆ ಹೇಳಿಲ್ಲ, ನನಗೆ ಹೇಳಿದ್ದಾಳೆ. ನನ್ನ ಮೊಮ್ಮಗಳು ನನ್ನ ಜೊತೆ ಮಾತಾಡುವುದು ಆ ಊರಿನವರ ಭಾಷೆಯಲ್ಲಿ. ಅಲ್ಲಿಗೆ ಹೋಗುವುದಿಲ್ಲ ಅಂದಮೇಲೆ ಅವಳಿಗೆ ಅದು ಯಾಕೆ ಬೇಕು? ನಿನ್ನೆ ಫೋನ್ ಮಾಡಿ, ಕೆಂಪು ಸ್ವೆಟರ್ ಮುಗಿಯಿತಾ ಅಜ್ಜಿ ಅಂತ ಫ್ರೆಂಚಿನಲ್ಲೇ ಕೇಳಿದಳು. ಅಮ್ಮನನ್ನು ಕೇಳು ಅಂದಿದ್ದೇನೆ.