ಜಿಂಕೆ ತಿಂದ ಸಜ್ಜಿರೊಟ್ಟಿ

ಸವದತ್ತಿ,
೧೪ ಡಿಸೆಂಬರ್ ೨೦೨೪, ಶನಿವಾರ

ಗೆಳೆಯ ಸದಾಶಿವನಿಗೆ ನಿಜಗುಣಪ್ಪನ ನಮಸ್ಕಾರ.

ಇದೇ ತಿಂಗಳ ಐದರಂದು, ಮೃಗಾಲಯದ ಪ್ರವಾಸದಲ್ಲಿ, ನಿನ್ನ ಶಾಲೆಯ ಆರನೇ ತರಗತಿಯ ಮಕ್ಕಳು ದುರ್ಗಾ ಎಂಬ ಹುಡುಗಿಯ ಬುತ್ತಿ ಮುಟ್ಟಲಿಲ್ಲ. ಏಳರಂದು ಪ್ರಾರ್ಥನೆಯ ಹೊತ್ತಿಗೆ, ಹೆಡ್‌ಮಾಸ್ತರನಾದ ನೀನು ಆ ಹುಡುಗಿಯಿಂದಲೇ ಎಲ್ಲರೆದುರು ಕ್ಷಮೆ ಕೇಳಿಸಿದೆ. ಮೊದಲನೆಯದು ಮಕ್ಕಳ ತಪ್ಪು. ಎರಡನೆಯದು ನಿನ್ನದು.

ಅದೇ ತರಗತಿಯಲ್ಲಿರುವ ನನ್ನ ಮೊಮ್ಮಗ ಕಾಂತೇಶ ಎಲ್ಲವನ್ನೂ ಹೇಳಿದ್ದಾನೆ. ದುಂಡಗೆ ಕೂತು, ಬುತ್ತಿ ಬಿಚ್ಚಿ, ಒಬ್ಬರದು ಒಬ್ಬರಿಗೆ ನೀಡಿ ಉಣ್ಣುವುದು ನಮ್ಮ ಕಡೆಯ ರೂಢಿ. ದುರ್ಗಾಳ ತಾಯಿ ಶೀತಲ್ ನಸುಕಿನಲ್ಲೆದ್ದು ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಬಡಿದು, ಇಡೀ ತರಗತಿಗೆ ಸಾಲುವಷ್ಟು ಕಟ್ಟಿಕೊಟ್ಟಿದ್ದಳು. ಹುಡುಗಿ ಅದನ್ನು ಹಿಡಿದುಕೊಂಡು ಸುತ್ತ ಬಂದಳು. ಒಬ್ಬ ಹೊಟ್ಟೆ ತುಂಬಿದೆ ಎಂದ. ಒಬ್ಬಳು ಹಲ್ಲುನೋವು ಎಂದಳು. ಇನ್ನೊಬ್ಬ ಸುಳ್ಳಿನ ಗೋಜಿಗೂ ಹೋಗದೆ, "ನಿಮ್ಮ ಕೇರಿ ರೊಟ್ಟಿ ನಮಗ ಬ್ಯಾಡ" ಎಂದ. ಮಂಜುಳಾ ಟೀಚರ್ ಕೇಳಿಸಿಕೊಂಡೂ, "ಲಗೂ ಉಣ್ರಿ, ಇನ್ನ ಹುಲಿ ನೋಡೂದೈತಿ" ಎಂದರಂತೆ.

ಹುಡುಗಿ ಬುತ್ತಿ ಎತ್ತಿಕೊಂಡು ಜಿಂಕೆಗಳ ಬೇಲಿಯ ಹತ್ತಿರ ಹೋಗಿ ನಿಂತಳು. ಒಂದು ಜಿಂಕೆ ಬಂದು ಅವಳ ಕೈಯಿಂದ ರೊಟ್ಟಿ ತಿಂದಿತು. ಕಾವಲುಗಾರ ಓಡಿಬಂದ. "ಹೊರಗಿಂದು ಹಾಕಿದ್ರ ಜಡ್ಡ ಬೀಳ್ತಾವ ತಂಗಿ, ಅಷ್ಟೂ ತಿಳಿಯಂಗಿಲ್ಲೇನ?" ಅವನು ಅಂದದ್ದು ಸರಿಯೇ.

ಕ್ಷಮೆ ಯಾಕೆ ಕೇಳಿಸಿದೆ ಎಂದು ಫೋನಿನಲ್ಲಿ ಕೇಳಿದಾಗ ನೀನೂ ಅದನ್ನೇ ಹಿಡಿದೆ. "ಪ್ರಾಣಿಗೆ ತಿನ್ನಾಕ ಹಾಕಬಾರದು ಅಂತ ಹುಡುಗ್ರು ಕಲೀಬೇಕೋ ಬ್ಯಾಡೋ? ಪೇಪರ್ ಓದಿ ಓದಿ ನಿನಗ ಎಲ್ಲಾದ್ರಾಗೂ ಜಾತೀನ ಕಾಣತೈತಿ." ಕಲಿಯಬೇಕು, ಮಾರಾಯ. ಆದರೆ ಆ ರೊಟ್ಟಿ ಯಾಕೆ ಉಳಿಯಿತು ಎಂದು ಒಬ್ಬರಾದರೂ ಕೇಳಬೇಡವೇ? ಜಿಂಕೆ ಏನು ತಿನ್ನಬಾರದು ಎಂಬುದು ಮಕ್ಕಳಿಗೆ ಮರೆತುಹೋದೀತು. ಯಾರ ಕೈಯಿಂದ ತಿನ್ನಬಾರದು ಎಂಬುದು ಮರೆಯುವುದಿಲ್ಲ.

ನಾವು ಶಾಲೆಯ ಹುಡುಗರಾಗಿದ್ದಾಗ ನವಿಲುತೀರ್ಥದ ಅಣೆಕಟ್ಟು ನೋಡಲು ಹೋದ ದಿನ ನಿನಗೆ ನೆನಪಿಲ್ಲವೇ? ಅಂದೂ ಅದೇ ಕೇರಿಯಿಂದ ಬರುತ್ತಿದ್ದ ನಮ್ಮ ಜೊತೆಯ ಲಗಮಣ್ಣನ ಬುತ್ತಿ ಹಾಗೇ ಉಳಿಯುವುದರಲ್ಲಿತ್ತು. ಪರಪ್ಪ ಮಾಸ್ತರರು ಮೊದಲು ಅದಕ್ಕೇ ಕೈ ಹಾಕಿ, ತಾವು ಒಂದು ತುತ್ತು ತಿಂದು, "ಏ ಸದ್ಯಾ, ಚಟ್ನಿ ಏನ ಮಸ್ತ ಐತಿ, ಹಿಡಿ" ಎಂದು ನಿನ್ನ ಅಂಗೈಗೆ ಇಟ್ಟರು. ನೀನು ತಿಂದೆ. ನಾವೆಲ್ಲ ತಿಂದೆವು. ಮಾಸ್ತರರು ಭಾಷಣ ಮಾಡಲಿಲ್ಲ.

ನಿನ್ನೆ ದುರ್ಗಾಳ ಮನೆಗೆ ಹೋಗಿದ್ದೆ. ಹುಡುಗಿ ಬಾಗಿಲ ಹಿಂದೆ ನಿಂತು ಒಂದೇ ಮಾತು ಕೇಳಿದಳು: "ಅಜ್ಜಾರ, ಆ ಜಿಂಕಿ ಆರಾಮ ಐತೇನ್ರಿ? ನನ್ನ ಕೈಯಾಂದ ತಿಂದು ಜಡ್ಡ ಬಿತ್ತೇನ್ರಿ?" ಶೀತಲ್ ಸೋಮವಾರ ಅವಳ ಹೆಸರು ತೆಗೆಸಿ, ರಾಮದುರ್ಗಕ್ಕೆ ತನ್ನ ಅಕ್ಕನ ಮನೆಗೆ ಹೊಲಿಗೆ ಕಲಿಯಲು ಕಳಿಸುತ್ತಾಳಂತೆ. "ಓದಿದ್ದು ಸಾಕ್ರಿ, ಸಾಲಿ ಅಂದ್ರ ಮಗಳು ನಡುಗತೈತಿ" ಎಂದಳು. ಅಂದು ಬೆಳಗಿನ ಪ್ರಾರ್ಥನೆ ಮುಗಿಯುವ ತನಕ ತಡೆಯವ್ವಾ ಎಂದು ಕೈಮುಗಿದು ಬಂದಿದ್ದೇನೆ. ಅವಳು ಹುಡುಗಿಯ ಬಟ್ಟೆ ಗಂಟು ಕಟ್ಟುತ್ತಲೇ ಇದ್ದಳು. ನನ್ನ ಹತ್ತಿರ ಬೇರೆ ದಾರಿ ಇಲ್ಲ, ಸದಾಶಿವ. ಇರುವುದು ಈ ಕಾಗದ ಮತ್ತು ನೀನು.

ಕ್ಷಮೆ ಕೇಳಿಸಿದ ಜಾಗದಲ್ಲೇ, ಅದೇ ಮಕ್ಕಳ ಮುಂದೆ, ತಪ್ಪು ಯಾರದೆಂದು ನೀನು ಹೇಳಬೇಕು. ನನ್ನನ್ನು ಕೋಣೆಗೆ ಕರೆದು ಚಹಾ ಕುಡಿಸಿ ಸಮಾಧಾನ ಹೇಳಬೇಡ.

ಇನ್ನೂ ನಿನ್ನ ಗೆಳೆಯನೆಂದುಕೊಂಡಿರುವ,
ನಿಜಗುಣಪ್ಪ

ತಾ.ಕ.: ಕೇರಿಯ ರೊಟ್ಟಿ ಬೇಡ ಎಂದವನು ಕಾಂತೇಶನೇ. ಆ ಮಾತು ಅವನಿಗೆ ಸಿಕ್ಕಿದ್ದು ನನ್ನ ಮನೆಯ ಅಡುಗೆಮನೆಯಲ್ಲಿ. ಬರೆಯಲು ಇಷ್ಟು ಹೊತ್ತು ಹಿಡಿಯಿತು. ಸೋಮವಾರ ಅವನ ಕೈಹಿಡಿದು ಕರೆತರುತ್ತೇನೆ, ಎಲ್ಲರೆದುರು ಅವನು ಅದನ್ನು ಒಪ್ಪಿಕೊಳ್ಳುತ್ತಾನೆ. ಅವನು ಮುಗಿಸಿದ ಮೇಲೆ, ಹೆಡ್‌ಮಾಸ್ತರರೇ, ನೀವು ಏನು ಹೇಳುತ್ತೀರಿ?